ಹನ್ನೊಂದನೇ ಸಾಲು

...ಯಾಕ ನಿಲ್ಲಿಸಿದ್ರಿ? ನಾ ಓದೂಮುಂದ ಸಾಲಿಗೊಮ್ಮೆ ‘ಹೂಂ’ ಅನ್ನಬೇಕು ಹನಮಂತವ್ವಾರ. ನನಗೂ ನಿಮ್ಮ ಮಗಳು ಮಮತಾಗೂ ಕಥಿ ಹೇಳೂಮುಂದ ನೀವ ಕಲಿಸಿದ್ದು. ಹೂಂ ಅನ್ನಲಿಲ್ಲಂದ್ರ ಮುಂದ ಹೇಳತಿದ್ದಿಲ್ಲ ನೀವು.

ಆಗಲೇ ನಕ್ರಿ ನೋಡ್ರಿ, ನಮ್ಮಪ್ಪನೂ ಹಂಗ ನಗತಾನ. ಬಿಎಸ್ಸಿ ಮುಗಿಸಿ ಮೆಹನಾಜ ಸಾಹಿತ್ಯಕ್ಕ ಹೋದ್ಲು, ಈಗ ಹೂಂ ಎಣಸ್ತಾಳ ಅಂತ. ಆದ್ರ ಇದ ನನ್ನ ಎಂ.ಎ. ಪ್ರಬಂಧ. ಕಥಿ ಕೇಳೂಮುಂದ ಮನಸ್ಸಿನ್ಯಾಗ ಏನ ನಡಿತೈತಿ ಅಂತ. ಹೂಂ ಅನ್ನೂದು ಎಲ್ಲೆ ಮರೀತಾರ, ಅಲ್ಲೆ ಕಥಿಯೊಳಗ ಹೊಕ್ಕಾರ ಅಂತ ಲೆಕ್ಕ. ಮುಂಡರಗಿ, ಶಿರಹಟ್ಟಿ ಕಡೆ ನಲವತ್ತು ಮಂದಿಗೆ ಓದೇನಿ. ಎಲ್ಲಾರೂ ಕಡೀ ಸಾಲಿಗೆ ಹೂಂ ನಿಲ್ಲಿಸ್ಯಾರ.

ನೀವು ಹನ್ನೊಂದನೇ ಸಾಲಿಗೆ ನಿಂತ್ರಿ.

ಅಲ್ಲೇನೈತಿ? ಇಬ್ಬರು ಗೆಳತ್ಯಾರು ಹೊಳಿ ದಂಡಿಗೆ ಕುಂತಾರ. ಗಾಳಿ ಬೀಸತೈತಿ. ಒಬ್ಬಾಕಿ ತನ್ನ ಹಸರು ಕರವಸ್ತ್ರ ಕೊಟ್ಟು, ಕೂದಲಾ ಕಟ್ಕೊ ಅಂತಾಳ... ಅಷ್ಟ.

ಕಥಿ ಅವ್ವಾ. ನಾ ಬರದದ್ದು.

ಹಂಗ ನೋಡಬ್ಯಾಡ್ರಿ. ಎಲ್ಲೆ ಎದ್ರಿ? ಟ್ರಂಕ ಯಾಕ ತಗೀತೀರಿ...

...ಆ ಕರವಸ್ತ್ರ ಇನ್ನೂ ಇಟ್ಕೊಂಡೀರಿ.

ಸಿಂಗಟಾಲೂರ ಹೊಳ್ಯಾಗ ಮಮತಾನ ಹೆಣ ಸಿಕ್ಕಾಗ ಕೂದಲದಾಗ ಇತ್ತು... ಗೊತ್ತು. ‘ನಮ್ಮ ಮನೀದಲ್ಲ, ಯಾರದು’ ಅಂತ ಎಲ್ಲಾರನ್ನೂ ಕೇಳಿದ್ರಿ. ನನ್ನೂ ಕೇಳಿದ್ರಿ. ಆವತ್ತು ನಾ ಗದಗಿನ್ಯಾಗ ಪ್ರಾಕ್ಟಿಕಲ್ ಪರೀಕ್ಷಾಕ್ಕ ಹೋಗಿದ್ದೆ ಅಂದ್ನಿ.

ಹಸರು ಕರವಸ್ತ್ರ ಬಾಳ ಮಂದಿ ಕಡೆ ಇರತಾವ.

...ಅದನ್ನ ನನ್ನ ಕೈಯಾಗ ಯಾಕ ಇಡತೀರಿ?

ನಿಮಗ ಓದಾಕ ಬ್ಯಾರೆ ಕಥಿ ತಂದಿದ್ನಿ. ನಗೂ ಕಥಿ. ಚೀಲದಾಗ ಐತಿ, ಬೇಕಾದ್ರ ನೋಡ್ರಿ. ಕೈ ಹಾಕಿದ್ರ ಇದ ಬಂತು. ಬಂತು ಅಂತ ಯಾಕನ್ನಲಿ... ನಾನ ತಗದ್ನಿ. ನಲವತ್ತು ಮಂದ್ಯಾಗ ಒಬ್ಬರೂ ಕರವಸ್ತ್ರ ಯಾರದು ಅಂತ ಕೇಳಲಿಲ್ಲ. ಯಾರರ ಕೇಳಲಿ ಅಂತಿತ್ತೋ ಏನೋ.

ಕುಂಡ್ರಿ ಅವ್ವಾ.

ಕಥಿ ಕಡೀ ಸಾಲಿನ್ಯಾಗ ಕರವಸ್ತ್ರ ಕೊಟ್ಟಾಕಿ ಗೆಳತೀನ ಉಳಸಾಕ ನೀರಿಗೆ ಜಿಗೀತಾಳ. ಜನ ಅಲ್ಲೆ ಹೂಂ ಮರೀತಾರ. ನಾ ಜಿಗೀಲಿಲ್ಲ. ಈಸು ಬರಾಂಗಿಲ್ಲ ನನಗ, ಅದು ಖರೆ. ಮಮತಾನ ಕಾಲು ಜಾರಿತು. ‘ಮೆಹನಾ’ ಅಂದ್ಲು... ಎರಡು ಸಲ. ಮಂದಿ ಏನಂತಾರ, ಪರೀಕ್ಷಾ ಬಿಟ್ಟು ಬಂದದ್ದು ಅಪ್ಪಗ ತಿಳೀತೈತಿ... ಅಷ್ಟ ಬಂತು ತಲ್ಯಾಗ. ಹೊಳ್ಳಿ ಬಸ್ಸಿಗೆ ನಡದ್ನಿ.

ದೂರ ಇರಲಿಲ್ಲ ಅವ್ವಾ. ಕೊಳ್ಳಾಗಿನ ದುಪಟ್ಟಾ ಒಗದಿದ್ರ ಆಕಿ ಕೈಗೆ ಸಿಗತಿತ್ತು.