ಒತ್ತಡ ಇಳಿಸಿದ್ಯೇನೋ?

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಇದು ನಮ್ಮ ದೊಡ್ಡಮ್ಮನ ಮಗನಿಗೇ ಆಗಿದ್ದು. ಅವನು ಫಿಟ್ಟರ್.

ಅವತ್ತು ಪಾಳಿ ಮುಗಿಸಿ ಹೊರಟಾಗ ರಾತ್ರಿ ಹನ್ನೆರಡು ದಾಟಿತ್ತು. ಕಾರ್ಖಾನೆ ಹಿಂದಿನ ಹಾಳುಬಾವಿ ಪಕ್ಕದ ದಾರಿ. ಬಾವಿ ಹತ್ತಿರ ಕೇಳಿಸ್ತು... ಠಪ್.

ನಿಂತ. ಏನೂ ಇಲ್ಲ. ಎರಡು ಹೆಜ್ಜೆ ಇಟ್ಟ... ಠಪ್. ಹಿಂದೆಯೇ ಸ್ಸ್ಸ್ ಅಂತ ಕೊಳವೆಯೊಳಗೆ ಎಣ್ಣೆ ನುಗ್ಗೋ ಸದ್ದು.

ಬಾವಿ ಪಕ್ಕದ ಶೆಡ್ಡಿನಲ್ಲಿ ನಾಲ್ಕು ತಿಂಗಳಿಂದ ಬೀಗ ಹಾಕಿಟ್ಟ ಎಂಜಿನ್ನಿನ ಸದ್ದು ಅದು. ದೊಡ್ಡ ಮೇಸ್ತ್ರಿ ಇವನನ್ನ ಜೊತೆಗಿಟ್ಟುಕೊಂಡು ಆರು ವರ್ಷ ಒದ್ದಾಡಿ ಮಾಡಿದ್ದು. ಅದಕ್ಕೆ ತಿರುಗೋ ದಂಡವಿಲ್ಲ, ಚಕ್ರವಿಲ್ಲ. ಪಿಸ್ಟನ್ನು ಯಾವುದಕ್ಕೂ ಕಟ್ಟಿಲ್ಲ. ಒಂದು ಕಡೆ ಡೀಸೆಲ್ ಸಿಡಿದು ದಬ್ಬಿದರೆ, ಇನ್ನೊಂದು ತುದಿ ಎಣ್ಣೆಯನ್ನ ಒತ್ತಿ ಸಿಲಿಂಡರಿನಂಥ ಉಕ್ಕಿನ ಉರುಳೆಗೆ ತುಂಬುತ್ತೆ. ಅದೇ ಎಣ್ಣೆ ಪಿಸ್ಟನ್ನನ್ನ ವಾಪಸ್ ತಳ್ಳುತ್ತೆ. ಗಾಳಿ ಬಿಗಿಯುತ್ತೆ, ಮತ್ತೆ ಸಿಡಿಯುತ್ತೆ. ಎಣ್ಣೆ ಬೇಡದಾಗ ಪಿಸ್ಟನ್ ಸುಮ್ಮನೆ ಕಾಯುತ್ತೆ. ಬೇಕಾದಾಗ ಒಂದೇ ಏಟು.

ಎಂಜಿನ್ ನಿಂತರೂ ಉರುಳೆಯಲ್ಲಿ ಒತ್ತಡ ಉಳಿದಿರುತ್ತೆ. ಅದನ್ನ ಇಳಿಸದೆ ಯಾರೂ ಕೈ ಹಾಕಬಾರದು. ನಾಲ್ಕು ತಿಂಗಳ ಹಿಂದೆ ಮೇಸ್ತ್ರಿ "ಒತ್ತಡ ಇಳಿಸಿದ್ಯೇನೋ?" ಅಂತ ಕೇಳಿದ್ದರು. ಇಳಿಸದೇ ಇವನು "ಇಳಿಸಿದೀನಿ" ಅಂದಿದ್ದ. ಮನೆಗೆ ಹೋಗೋ ಆತುರ. ಮೇಸ್ತ್ರಿ ಒಳಗೆ ಬಗ್ಗಿದ್ದೇ ತಡ, ಆ ಎಣ್ಣೆಯ ಒತ್ತಡದಿಂದ ಆಡೋ ಕಬ್ಬಿಣದ ತೋಳು ಬಂದು ಅವರ ಎದೆಯನ್ನ ಗೋಡೆಗೆ ಅದುಮಿತು. ಅಲ್ಲೇ ಪ್ರಾಣ ಹೋಯ್ತು. ವಿಚಾರಣೆಯಲ್ಲಿ ಇವನು, "ಅವರೇ ಮರೆತರು" ಅಂದ. ಅವರ ಜಾಗವೂ ಇವನಿಗೇ ಸಿಕ್ಕಿತು. ಶೆಡ್ಡಿನ ಬೀಗದ ಕೈಯೂ.

ಆ ರಾತ್ರಿ ಬೀಗ ತೆಗೆದ. ಟಾರ್ಚ್ ಹಾಕಿದ. ಡೀಸೆಲ್ ಡಬ್ಬ ಒಣಗಿತ್ತು. ಠಪ್... ಒತ್ತಡದ ಮೀಟರಿನ ಮುಳ್ಳು ಒಂದು ಗೆರೆ ಮೇಲೇರಿತು. ತೋಳಿನ ಕೆಳಗಿಂದ ಪಿಸುದನಿ...

"ಒತ್ತಡ ಇಳಿಸಿದ್ಯೇನೋ?"

"ಇಳಿಸಿದೀನಿ ಮೇಸ್ತ್ರಿ." ಬಾಯಿಗೆ ಬಂದಿದ್ದು ಅದೇ ಸುಳ್ಳು!

ಠಪ್. ಮುಳ್ಳು ಕೆಂಪು ಗೆರೆ ಮುಟ್ಟಿತು.

"ಇಳಿಸಿದ್ಯೇನೋ...?"

"ಇಲ್ಲ... ಇಳಿಸಲಿಲ್ಲ."

ಮುಳ್ಳು ಸರ್ರಂತ ಸೊನ್ನೆಗೆ ಬಿತ್ತು. ಆಮೇಲೆ ಉಸಿರಾಡಿದ ಸದ್ದೂ ಇಲ್ಲ.

ಬೆಳಗ್ಗೆ ಮಾಲೀಕರಿಗೆ ಎಲ್ಲ ಹೇಳಿದ. "ಫೈಲ್ ಮುಚ್ಚಾಯ್ತು. ನಿನ್ನ ಅನ್ನಕ್ಕೆ ನೀನೇ ಕಲ್ಲು ಹಾಕ್ಕೋಬೇಡ, ಹೋಗು" ಅಂದರು. ಅಲ್ಲಿಂದ ಮೇಸ್ತ್ರಿ ಮನೆಗೆ ಹೋದ. ಅವರ ಹೆಂಡತಿ ಅರ್ಧ ಬಾಗಿಲು ತೆರೆದು ಪೂರ್ತಿ ಕೇಳಿಸಿಕೊಂಡರು.

"ತಮ್ಮ ಸಾವಿಗೆ ತಾವೇ ಕಾರಣ ಅಂತ ಎಲ್ಲರೂ ಆಡಿಕೊಂಡರು. ನೀನೂ ತಲೆ ಆಡಿಸಿದೆ. ಈಗ ಯಾಕೆ ಬಂದೆ? ನಿನಗೆ ನಿದ್ದೆ ಬರಲಿಲ್ಲ ಅಂತಾನಾ?"

"ಅಕ್ಕಾ..."

ಬಾಗಿಲು ಹಾಕಿಕೊಂಡಿತು. ಇವತ್ತಿಗೂ ಅವನಿಗಾಗಿ ತೆರೆದಿಲ್ಲ.

ಅದೇ ಬೆಳಗ್ಗೆ ಶೆಡ್ ಗುಡಿಸೋಕೆ ಹೋದ ನಮ್ಮ ಪಕ್ಕದ ಮನೆ ಹೆಂಗಸು ಧೂಳು ಒರೆಸಲು ಎಂಜಿನ್ ಮೇಲೆ ಅಂಗೈ ಊರಿದಳು. ಚುರ್ರಂತು. ಬೊಬ್ಬೆ ಎದ್ದ ಆ ಕೈಗೆ ಮುಲಾಮು ಹಚ್ಚಿದ್ದು ನಮ್ಮಮ್ಮ. ನಾನು ಪಕ್ಕದಲ್ಲೇ ಕೂತಿದ್ದೆ.