ಮೂವತ್ತೊಂದು ದಾಟಿಸಿದ ಬೆಲಾರ್ಮಿನೊ

ಮಾನ್ಯ ಅಧ್ಯಕ್ಷರೇ, ರಾಜಧಾನಿಯಿಂದ ದಯಮಾಡಿಸಿರುವ ಹಿರಿಯ ಅಧಿಕಾರಿಗಳೇ, ಈ ಸಭಾಂಗಣ ಬಿಟ್ಟುಕೊಟ್ಟ ಅಗ್ನಿಶಾಮಕ ದಳದ ಗೆಳೆಯರೇ, ಬಹುಪಾಲು ನನ್ನ ರೋಗಿಗಳೇ ಆಗಿರುವ ಸಭಿಕರೇ,

ನಮ್ಮ ಪುಟ್ಟ ಆರೋಗ್ಯ ಕೇಂದ್ರಕ್ಕೆ ಇಡೀ ಅಲೆಂತೆಜು ಪ್ರಾಂತ್ಯದಲ್ಲೇ ಮೊದಲ ಸ್ಥಾನ ಬಂದಿದೆ ಎಂದು ಈಗಷ್ಟೇ ಹೇಳಿದಿರಿ. ಸಂತೋಷ. ನಗುನಗುತ್ತಾ ಎರಡು ಮಾತಾಡಿ ಇಳಿದುಬಿಡಿ ಎಂದು ಇಲ್ಲೇ ಮುಂದೆ ಕೂತಿರುವ ನಮ್ಮ ನರ್ಸ್ ಝುಲ್ಮೀರಾ ಹೇಳಿ ಕಳಿಸಿದ್ದಾಳೆ. ಪ್ರಯತ್ನಿಸುತ್ತೇನೆ.

ನಮ್ಮ ಸಂಬಳದ ಒಂದು ಪಾಲು ಅಂಕಗಳ ಮೇಲೆ ನಿಂತಿದೆ. ಸಕ್ಕರೆ ಕಾಯಿಲೆಯವರ ಪಾದ ನೋಡಿದರೆ ಅಂಕ, ಹಾಸಿಗೆ ಹಿಡಿದವರ ಮನೆಗೆ ಹೋದರೆ ಅಂಕ. ಅಂಕ ಇಳಿದರೆ ನನಗಷ್ಟೇ ಅಲ್ಲ, ನರ್ಸಿಗೂ ಖೋತಾ. ವರ್ಷವಿಡೀ ಓಡಾಡಿದೆವು. ಕ್ರಿಸ್‌ಮಸ್ ಹತ್ತಿರ ಬಂದು ಮನೆಮನೆಯಲ್ಲೂ ಉಪ್ಪುಮೀನು ನೆನೆಹಾಕುವ ಹೊತ್ತಿಗೆ ಹೊಸ ನಿಯಮ ಬಂತು: ಡಿಸೆಂಬರ್ ಮೂವತ್ತೊಂದಕ್ಕೆ ಬದುಕಿರುವ ರೋಗಿಗಳ ಮನೆಭೇಟಿ ಮಾತ್ರ ಲೆಕ್ಕಕ್ಕೆ. ಅದೂ ಹಿಂದಿನ ಜನವರಿಯಿಂದಲೇ ಅನ್ವಯ! ನಾವು ಯಾರ ಮನೆಗೆ ಹೆಚ್ಚು ಹೋಗುತ್ತೇವೆ ಸ್ವಾಮಿ? ಸಾಯುವವರ ಮನೆಗಲ್ಲವೇ?

ಅವತ್ತು ಬೆಲಾರ್ಮಿನೊ ಅವರ ಮನೆಗೆ ಹೋಗಿದ್ದೆ. ಬಾಟಲಿಯ ಬಿರಡೆಗೆಂದು ಬೆಂಡಿನ ಮರದ ತೊಗಟೆ ಸುಲಿದು ಬದುಕಿದ ಮನುಷ್ಯ, ಕ್ಯಾನ್ಸರ್ ಮೂಳೆಗಿಳಿದಿತ್ತು. ನಮ್ಮೂರಲ್ಲಿ ಡಾಕ್ಟರು ಅಡುಗೆಮನೆಯಲ್ಲಿ ಕೂತು ಬ್ರೆಡ್ಡಿನ ಸೂಪು ಕುಡಿಯದೆ ಹೊರಡುವಂತಿಲ್ಲ. ಅವರ ಹೆಂಡತಿ ಎರ್ಮೆಲಿಂದಮ್ಮ ಬಡಿಸಿದರು. ಕುಡಿಯುತ್ತಾ ಆ ನಿಯಮವನ್ನು ಬಾಯಿತುಂಬಾ ಬೈದೆ. ನನ್ನ ಗಂಟಲಿಗೆ ಮೈಕೇ ದಂಡ. ಪಕ್ಕದ ಕೋಣೆಯಲ್ಲಿ ಬೆಲಾರ್ಮಿನೊ ಎಚ್ಚರವಾಗಿದ್ದರು.

ಮರುದಿನ ಝುಲ್ಮೀರಾ ನೋವಿಗೆ ಮಾರ್ಫಿನ್ ಕೊಡಲು ಹೋದರೆ ತುಟಿ ಬಿಗಿಹಿಡಿದರಂತೆ. ನಾನೇ ಓಡಿದೆ.

"ಯಾಕ್ ಯಜಮಾನ್ರೇ ಈ ಹಟ?"

"ಅದು ಕುಡುದ್ರೆ ನಿದ್ದೆ ಬರುತ್ತೆ ಡಾಕ್ಟ್ರೇ. ನಿದ್ದೇಲೇ ಹೋಗ್ಬಿಟ್ರೆ? ಮೂವತ್ತೊಂದು ದಾಟ್ಲಿ. ನನ್ನ ಮೈ ತೊಳ್ದಿರೋ ಹುಡುಗಿ, ಅವಳ ಸಂಬಳಕ್ಕೆ ನಾನು ಕಲ್ಲು ಹಾಕ್ಲಾ?"

"ಔಷಧಿಯಿಂದ ಬೇಗ ಸಾಯಲ್ಲ ರೀ! ಸಂಬಳ ಹಾಳಾಗಿ ಹೋಗ್ಲಿ!"

"ನಿನ್ನೆ ಹಂಗೆ ಕೂಗಾಡಿದ್ರಲ್ಲ, ಈಗ ಹಾಳಾಗ್ಲಿ ಅಂತೀರಾ? ಸುಮ್ನಿರಿ, ಸುಳ್ಳು ಹೇಳೋಕೆ ಬರಲ್ಲ ನಿಮ್ಗೆ."

ಬೇಡಿಕೊಂಡೆ. ಗದರಿದೆ. ಎರ್ಮೆಲಿಂದಮ್ಮ ಅತ್ತರು. ಆಸಾಮಿ ಜಗ್ಗಲಿಲ್ಲ. ಮಂಚದ ಸರಳು ಹಿಡಿದು ಅವರು ನರಳಿದ್ದು ಆ ಬೀದಿಯವರಿಗೆಲ್ಲ ಕೇಳಿಸಿದೆ. ಹೊಸ ವರ್ಷದ ಬೆಳಿಗ್ಗೆ "ದಾಟ್ತಲ್ಲ?" ಎಂದು ಕೇಳಿ, ಔಷಧಿಗೆ ಬಾಯಿ ತೆರೆದರು. ಎರಡು ದಿನ ನೆಮ್ಮದಿಯಾಗಿ ಮಲಗಿದ್ದು, ಹೋದರು.

ಮಣ್ಣು ಮಾಡಿ ಬಂದ ಸಂಜೆ ಮತ್ತೊಂದು ಸುತ್ತೋಲೆ: ಆಕ್ಷೇಪಗಳು ಬಂದ ಕಾರಣ ಹೊಸ ನಿಯಮ ರದ್ದು, ಹಳೆಯದೇ ಜಾರಿ. ಸತ್ತವರೂ ಲೆಕ್ಕಕ್ಕುಂಟು. ರದ್ದು ಎಂದರೆ ರದ್ದು, ಒಂದೇ ಸಾಲಿನಲ್ಲಿ! ಅಯ್ಯೋ ದೇವರೇ, ಹಾಗಾದರೆ ಆ ಮನುಷ್ಯ ನರಳಿದ್ದು ಯಾತಕ್ಕೆ? ನನಗೆ ಇವತ್ತಿಗೂ ನಂಬಲಾಗುತ್ತಿಲ್ಲ.

ಅಧಿಕಾರಿಗಳೇ, ನಿಯಮ ಬದಲಿಸಿ, ಬೇಡವೆನ್ನುವುದಿಲ್ಲ. ವರ್ಷದ ಮೊದಲಲ್ಲೇ ಬದಲಿಸಿ. ಇಷ್ಟೇ ನಾನು...

ಎರ್ಮೆಲಿಂದಮ್ಮಾ, ನೀವು ಬಂದಿದ್ದೀರಾ? ಹಿಂದಿನ ಸಾಲಿನಲ್ಲಿದ್ದಿರಿ, ನನಗೆ ಕಾಣಲಿಲ್ಲ. ರದ್ದಾದ ವಿಷಯ ನಿಮಗೆ ಯಾವತ್ತೂ ತಿಳಿಯಬಾರದು ಎಂದು ನಾವೆಲ್ಲ ಬಾಯಿ ಮುಚ್ಚಿಕೊಂಡಿದ್ದೆವು.

ಝುಲ್ಮೀರಾ, ಬೇಗ ಹೋಗಮ್ಮ, ಅವರ ಪಕ್ಕ ಕೂತುಕೋ. ಅಧ್ಯಕ್ಷರಿಗೂ ನಿಮಗೆಲ್ಲರಿಗೂ ವಂದನೆಗಳು. ನನ್ನಿಂದ ಇನ್ನು ಮಾತಾಡಲಾಗದು. ನಮಸ್ಕಾರ.