ಬಾವಿ ಪಕ್ಕದ ಸರ್ವರ್

ಹಳೇ ಬಾವಿ ದಾರೀಲಿ, ಕಗ್ಗತ್ತಲಲ್ಲಿ, ಅಳ್ತಾ ಓಡಿದ್ದು ನನ್ನ ಸ್ವಂತ ಅತ್ತೆ ಮಗ. ಯಾರೋ ಹೇಳಿದ್ದಲ್ಲ... ಅವನ ಬಾಯಿಂದಲೇ ಕೇಳಿದ್ದು.

ಅಣೆಕಟ್ಟಿನ ನೀರು ಬಿಟ್ಟಾಗ ಯಾವ ರಸ್ತೆ ಹಿಡಿದ್ರೆ ಬದುಕ್ತೀವಿ ಅಂತ ತೋರಿಸೋ ವೆಬ್‌ಸೈಟ್ ನೋಡ್ಕೊಳ್ಳೋದು ಅವನ ಕೆಲಸ. ಜನ ಒಟ್ಟಿಗೇ ಮುಗಿಬಿದ್ರೆ ದೂರದ ದೊಡ್ಡ ಸರ್ವರ್ ಕೈ ಎತ್ತಿಬಿಡುತ್ತೆ. ಅದಕ್ಕೇ ಊರೂರಲ್ಲೂ ಒಂದು ಸಣ್ಣ ಸರ್ವರ್ ಡಬ್ಬ. ಎಡ್ಜ್ ಅಂತಾರೆ. ಹತ್ತಿರದವರಿಗೆ ಅದೇ ಉತ್ತರ ಕೊಡುತ್ತೆ. ಈ ಊರಿನದು ಬಾವಿ ಪಕ್ಕದ ಕೋಣೇಲಿತ್ತು. ಅದು ನಿಂತಾಗೆಲ್ಲ ಊರಿನ ಮೆಕ್ಯಾನಿಕ್ ತಾತ ಸ್ಕ್ರೂಡ್ರೈವರಲ್ಲಿ ಎರಡು ಸಲ ತಟ್ಟಿ, "ಏಳಪ್ಪಾ ರಾಜ" ಅಂತ ಅದನ್ನ ಎಬ್ಬಿಸ್ತಿದ್ರು. ಅವರು ತೀರಿಕೊಂಡ ಮೇಲೆ ನಮ್ಮ ಮಹಾಶಯ ಏನ್ಮಾಡ್ದ? ತನ್ನ ಮಾನಿಟರಿಗೆ ಬೇಕು ಅಂತ ಡಬ್ಬದ ಕರೆಂಟ್ ವೈರನ್ನೇ ಕಿತ್ಕೊಂಡು ಬಂದ! ಮಳೆಗಾಲ ಇನ್ನೂ ದೂರ ಇದೆ ಬಿಡು ಅಂತ.

ಆ ರಾತ್ರಿ ಇದ್ದಕ್ಕಿದ್ದಂತೆ ನೀರು ಬಿಟ್ರು. ಊರಿಗೆ ಊರೇ ಫೋನ್ ಹಿಡೀತು. ಪುಟ ತೆರೀಲಿಲ್ಲ...

ಹೊಳೆ ಪಕ್ಕದ ಮನೆಯಿಂದ ಹೆಂಡತಿ ಫೋನ್ ಮಾಡಿದ್ಲು. ಸೊಂಟದಲ್ಲಿ ಮಗು.

"ರೀ... ಸುತ್ತುತ್ತಾನೇ ಇದೆ. ಎಡಕ್ಕೆ ಹೋಗ್ಲಾ, ಬಲಕ್ಕಾ?"

ಇವನಿಗೂ ಗೊತ್ತಿಲ್ಲ.

"ಫೋನ್ ಇಡಬೇಡ... ಈಗ ಬಂದೆ."

ಮಾನಿಟರಿನ ವೈರು ಕಿತ್ಕೊಂಡು ಆಫೀಸಿಂದ ಓಡಿದ. ತನ್ನನ್ನೇ ಬೈಕೊಳ್ತಾ, ಅಳ್ತಾ. ಬಾವಿ ದಾಟುವಾಗ ಕೇಳಿಸ್ತು...

ಟಕ್... ಟಕ್.

ಆಮೇಲೆ ಗುಂಯ್ಯ್... ಫ್ಯಾನ್ ತಿರುಗೋ ಸದ್ದು.

ಸದ್ದು ಬಂದದ್ದು ಬೀಗ ಹಾಕಿದ್ದ ಡಬ್ಬದ ಕೋಣೆಯಿಂದಲೇ. ಆದರೂ ನಿಲ್ಲೋ ಹಾಗಿಲ್ಲ. ಬೀಗ ತೆಗೆದ. ಒಳಗೆ ಯಾರೂ ಇಲ್ಲ. ಡಬ್ಬದ ಹಸಿರು ದೀಪ ಮಿಣಮಿಣ ಮಿನುಗ್ತಿತ್ತು.

ಫೋನಲ್ಲಿ ಪಿಸುದನಿ. "ತೆರೀತು ರೀ... ಬಲಕ್ಕೆ ಅಂತಿದೆ. ಗುಡ್ಡದ ದಾರಿ."

"ಓಡು... ಓಡೇ!"

ಓಡಿದ್ಲು. ತಾಯಿ, ಮಗು ಇಬ್ಬರೂ ಉಳಿದ್ರು. ಎಡಗಡೆ ಸೇತುವೆ ಬೆಳಗಾಗೋದ್ರೊಳಗೆ ಇರಲಿಲ್ಲ.

ಅವಳು ಗುಡ್ಡ ಹತ್ತಿದೆ ಅಂದ ಮೇಲೆಯೇ ಇವನು ಬಗ್ಗಿ ಡಬ್ಬದ ಹಿಂದೆ ನೋಡಿದ್ದು. ವೈರು ಸಿಕ್ಕಿಸೋ ಜಾಗ ಖಾಲಿ. ವೈರು ಇವನ ಕೈಯಲ್ಲೇ ಇತ್ತು.

ನಂಬಲ್ವಾ? ಎದ್ದು ಒಳಗೆ ಹೋಗಿ ನೋಡಿ. ಅವನು ತಂದುಕೊಟ್ಟ ಆ ವೈರು ನಮ್ಮನೇ ಮೊಳೆಗೆ ನೇತಾಡ್ತಿದೆ. ವಾಪಸ್ ಸಿಕ್ಕಿಸೋಕೆ ಅವನಿಗೆ ಇನ್ನೂ ಧೈರ್ಯ ಬಂದಿಲ್ಲ.

ಡಬ್ಬ... ಇವತ್ತೂ ಓಡ್ತಾ ಇದೆ.